ಸುವರ್ಣಾವತಿಯ ಏರಿಯ ಮೇಲೆ

ಗುಂಡ್ಲುಪೇಟೆ ಬಿಟ್ಟು ತೆರಕಣಾಂಬಿಯ ದಾರಿ ಹಿಡಿದರೆ ಮಳೆಗಾಲದಲ್ಲಿ ಕಣ್ಣಿಗೆ ಬಿಡುವೇ ಇಲ್ಲ. ಸೂರ್ಯಕಾಂತಿ, ಚೆಂಡುಹೂವು, ನಡುನಡುವೆ ಅರಿಸಿನದ ಹಸಿರು. ಹಿಂದೆ ಗೋಪಾಲಸ್ವಾಮಿ ಬೆಟ್ಟ, 1,454 ಮೀಟರು, ಮೋಡ ಹೊದ್ದು ಕೂತಿದೆ. ಅದರಾಚೆ ಮೋಯಾರ್ ನದಿಯ ಕಮರಿ. ಕೋಟಿ ಕೋಟಿ ವರ್ಷಗಳ ಹಿಂದೆ ಭೂಮಿಯ ಎರಡು ತುಂಡುಗಳು ಒಂದನ್ನೊಂದು ಉಜ್ಜಿಕೊಂಡು ಸರಿದ ಗೆರೆಯಲ್ಲೇ ಆ ನದಿ ಹರಿಯುತ್ತಿದೆ! ಜನ ಸೆಲ್ಫಿಗೆ ನಿಲ್ಲುವ ಹೂವಿನ ಹೊಲದ ಅಕ್ಕಪಕ್ಕದಲ್ಲಿ ಇಂಥದ್ದೊಂದು ಮಲಗಿದೆ.

ಚಾಮರಾಜನಗರ ದಾಟಿ ಸತ್ಯಮಂಗಲದ ರಸ್ತೆಯಲ್ಲಿ ಹೋದರೆ ಅಟ್ಟುಗುಳಿಪುರದ ಬಳಿ ಸುವರ್ಣಾವತಿ ಜಲಾಶಯ. ಪಕ್ಕದಲ್ಲೇ ಚಿಕ್ಕಹೊಳೆ ಜಲಾಶಯ. ಎದುರಿಗೆ ಬಿಳಿಗಿರಿಯ ಸಾಲು. ಏರಿಯ ಮೇಲೆ ನಿಂತಾಗ ಇದು ಮನುಷ್ಯರು ಮಣ್ಣು ಹೊತ್ತು ಕಟ್ಟಿದ್ದು ಎಂಬುದೇ ಮರೆತುಹೋಗುತ್ತದೆ. ಅರ್ಧ ಶತಮಾನದಲ್ಲಿ ಕಾಡು ಇದನ್ನು ತನ್ನದೇ ಮಾಡಿಕೊಂಡಿದೆ.

ಆದರೂ ಇದು ಮಣ್ಣಿನ ಏರಿ; ನೆಲ ನಡುಗಿದರೆ? ಇದು ಭೂಕಂಪ ಅಪರೂಪದ ಸೀಮೆ, ನಿಜ. ಆದರೆ ದೂರದ್ದೇನಲ್ಲದ ಕೊಯಮತ್ತೂರಿನ ಸೀಮೆ 1900ರ ಫೆಬ್ರವರಿಯಲ್ಲಿ ಜೋರಾಗಿಯೇ ನಡುಗಿತ್ತು. ಸದ್ದಿಲ್ಲದ ನೆಲವೆಂದು ನಂಬಿದ್ದ ಕೊಯ್ನಾದಲ್ಲಿ 1967ರಲ್ಲಿ ಅಣೆಕಟ್ಟೇ ಬಿರುಕು ಬಿಟ್ಟಿತು. 2001ರ ಜನವರಿ 26ರಂದು ಕಛ್‌ನ ಹಲವು ಮಣ್ಣಿನ ಏರಿಗಳು ಭೂಕಂಪಕ್ಕೆ ಕುಸಿದು ಬಿರುಕುಬಿಟ್ಟವು. ನೆನೆದ ಮರಳುಮಣ್ಣು ಕುಲುಕಾಟಕ್ಕೆ ಅಂಬಲಿಯಂತೆ ಸಡಿಲವಾಗುತ್ತದೆ. ಬರದಿಂದ ಆ ಏರಿಗಳ ಹಿಂದೆ ನೀರೇ ಹೆಚ್ಚಿರಲಿಲ್ಲ, ಕೆಳಗಿನ ಊರುಗಳು ನೆರೆಯಿಂದ ಉಳಿದವು. ಬರಕ್ಕೆ ಕೈಮುಗಿಯಬೇಕಾದ ಒಂದೇ ಸಂದರ್ಭ ಇದಿರಬಹುದು.

ಇಂಥ ನಡುಕ ತಾಳುವಂತೆ ಹಳೆಯ ಏರಿಯನ್ನು ಗಟ್ಟಿ ಮಾಡುವುದೆಂದರೆ ನೀರು ಇಳಿಸಬೇಕು, ಕೆಳಮೈಗೆ ಹೊಸ ಮಣ್ಣಿನ ಒತ್ತು ಕೊಡಬೇಕು, ಬಸಿನೀರಿಗೆ ಜಲ್ಲಿಯ ದಾರಿ ಬಿಡಬೇಕು, ಏರಿ ಮೇಲಿನ ಗಿಡಮರ ತೆಗೆಯಬೇಕು. ಕನ್ನಡಿಗರೂ ಬಹಳ ಮಂದಿ ಇರುವ ಅಮೆರಿಕದ ಸ್ಯಾನ್ ಹೋಸೆ ಸೀಮೆಯ ಆಂಡರ್ಸನ್ ಅಣೆಕಟ್ಟು 1950ರ ಮಣ್ಣಿನ ಏರಿ. ಭೂಕಂಪದ ಭಯದಿಂದ 2020ರಲ್ಲಿ ಅದನ್ನು ಬರಿದು ಮಾಡಲು ಆದೇಶವಾಯಿತು. ಮೀನು, ಕಪ್ಪೆಗಳಿಗೆ ಏನಾದೀತೆಂದು ಪುಟಗಟ್ಟಲೆ ಲೆಕ್ಕ ಹಾಕಿದರು. ನಮ್ಮಲ್ಲಿ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ದೊಡ್ಡ ಅಣೆಕಟ್ಟುಗಳ ಸಮಗ್ರ ತಪಾಸಣೆ ಕೇಳುತ್ತದೆ. ಇಲ್ಲಿಗೂ ಅಂಥ ಕೆಲಸ ಬಂದರೆ ಮೊದಲು ಯಾರನ್ನು ಲೆಕ್ಕಕ್ಕೆ ಹಿಡಿಯಬೇಕು?

ಮೇಕೆ ಮೇಯಿಸುತ್ತಿದ್ದವರೊಬ್ಬರು ಕೇಳದೆಯೇ ಉತ್ತರ ಕೊಟ್ಟರು: "ಬ್ಯಾಸ್ಗೇಲಿ ಕಾಡ್ನಲ್ಲಿ ನೀರೆಲ್ಲದ ಸಾ? ಆನ ಎಲ್ಲಾ ಇಲ್ಗೇ ಬತ್ತವ."

ತೊಡಕು ಇರುವುದು ಅಲ್ಲೇ. ಏರಿಯ ಕೆಲಸಕ್ಕೆ ಬೇಸಿಗೆಯೇ ಹದ, ಆನೆಗೆ ನೀರು ಬೇಕಾದದ್ದೂ ಆಗಲೇ. ಮಣ್ಣಿನ ಲಾರಿಗಳು ಓಡುವ ರಸ್ತೆಯನ್ನೇ ಅವು ದಾಟಬೇಕು. ನನಗೆ ಹೊಳೆದದ್ದು ಇಷ್ಟು: ಮಣ್ಣನ್ನು ಕಾಡಂಚಿನಲ್ಲಿ ತೋಡದೆ ಹೂಳಿನಲ್ಲೋ ಊರ ಕಡೆಯಲ್ಲೋ ಹುಡುಕಬೇಕು, ಸಂಜೆಯಾದ ಮೇಲೆ ಲಾರಿ ನಿಲ್ಲಿಸಬೇಕು, ಸುವರ್ಣಾವತಿಯನ್ನು ಇಳಿಸಿದ ವರ್ಷ ಚಿಕ್ಕಹೊಳೆಯಲ್ಲಿ ನೀರು ಹಿಡಿದಿಡಬೇಕು. ನಾಲೆಯ ನೀರಿಗೆ ಕಾದು ಕೂತ ರೈತರು ಅದಕ್ಕೆ ಒಪ್ಪುತ್ತಾರೆಯೇ ಎಂದು ಕೇಳಿದೆ. ಅವರು ನಕ್ಕು ಮೇಕೆಗಳ ಹಿಂದೆ ಹೊರಟರು.