ಶೂಶಾ!

ತಾಂಜಾನಿಯಾದ ಡಾಲಾಡಾಲಾ ವ್ಯಾನಿನಿಂದ ಇಳಿಯಬೇಕಾದರೆ ‘ಶೂಶಾ’ ಎಂದು ಕೂಗಬೇಕು. ಇಳಿಸಪ್ಪಾ ಎಂದು ಅರ್ಥ. ಎರಡೇ ಅಕ್ಷರ. ಆದರೆ ಇಪ್ಪತ್ತು ಜನ, ಎರಡು ಕೋಳಿ, ಸುತ್ತಿ ಕಟ್ಟಿದ ಒಂದು ಹಾಸಿಗೆ ತುಂಬಿಕೊಂಡ ವ್ಯಾನಿನ ಹಿಂದಿನ ಮೂಲೆಯಲ್ಲಿ ಮಂಡಿ ಮಡಚಿ ಕೂತು, ಕಿವಿಯ ಪಕ್ಕದಲ್ಲೇ ಬಡಿಯುತ್ತಿರುವ ಸ್ಪೀಕರನ್ನು ಮೀರಿಸಿ, ಇಳಿಯುವ ಜಾಗಕ್ಕೆ ಇಪ್ಪತ್ತು ಮಾರು ಮೊದಲೇ ಆ ಎರಡಕ್ಷರ ಕೂಗುವುದನ್ನು ಕಲಿಯಲು ನನಗೆ ಐದು ಶನಿವಾರ ಹಿಡಿಯಿತು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು, ಕೊನೆಯ ಬೆಂಚಿನವನ ನಿದ್ದೆ ಹಾರುವ ಹಾಗೆ ಕೂಗಿದ ಗಂಟಲು ಇದು. ಅಲ್ಲಿ ಮಾತ್ರ ಬೆಕ್ಕಿನ ಮರಿಯಾಗಿಬಿಡುತ್ತಿತ್ತು. ಮೊದಲ ಶನಿವಾರ ಎರಡು ಕಿಲೋಮೀಟರ್ ಮುಂದೆ ಹೋಗಿ, ಬೇರೆ ಯಾರೋ ಇಳಿಯುವಾಗ ನಾನೂ ಇಳಿದು, ಮುಸುಕಿನ ಜೋಳದ ಹೊಲದ ಬದುವಿನ ಮೇಲೆ ವಾಪಸು ನಡೆದು ಬಂದೆ. ನಿಜ ಹೇಳಬೇಕೆಂದರೆ ಆ ದಿನ ನೋಡಿದ್ದರಲ್ಲಿ ಚೆನ್ನಾಗಿದ್ದದ್ದು ಆ ಬದುವೇ.

2019ರಲ್ಲಿ ನಾನು ತಾಂಜಾನಿಯಾದ ಮೋಶಿ ಪಟ್ಟಣದ ಹತ್ತಿರ ಒಂದು ಶಾಲೆಯಲ್ಲಿ ಸ್ವಯಂಸೇವಕಿಯಾಗಿ ಹತ್ತು ತಿಂಗಳು ಇದ್ದೆ. ಕಿಲಿಮಂಜಾರೋದ ದಕ್ಷಿಣ ಬುಡದಲ್ಲಿರುವ ಊರು. ಸ್ವಾಹಿಲಿಯಲ್ಲಿ ಮೋಶಿ ಎಂದರೆ ಹೊಗೆ. ತಿಪಟೂರಿನಿಂದ ನಿವೃತ್ತಳಾಗಿ ಹೋದವಳು ನಾನು. ಮನೆಯಲ್ಲಿದ್ದ ಉಳಿದ ನಾಲ್ವರು ವಾಲಂಟಿಯರುಗಳು ಯುರೋಪಿನ ಹುಡುಗ ಹುಡುಗಿಯರು, ಎಲ್ಲರ ವಯಸ್ಸನ್ನು ಕೂಡಿಸಿದರೂ ನನ್ನದಕ್ಕಿಂತ ಸ್ವಲ್ಪವೇ ಜಾಸ್ತಿ. ಸೋಮವಾರದಿಂದ ಶುಕ್ರವಾರದವರೆಗೆ ಫಾರ್ಮ್ ಟೂ ಮಕ್ಕಳಿಗೆ ಬೀಜಗಣಿತ. ಶನಿವಾರ ಬಂತೆಂದರೆ ಪಾತ್ರ ಅದಲುಬದಲು: ಐದು ದಿನ ಹೇಳಿಕೊಟ್ಟವಳು ಎರಡು ದಿನ ಪೂರಾ ಅನಕ್ಷರಸ್ಥೆ. ದಾರಿ ಗೊತ್ತಿಲ್ಲ, ಬೆಲೆ ಗೊತ್ತಿಲ್ಲ, ಚಿಲ್ಲರೆ ಎಣಿಸಲು ಬರುವುದಿಲ್ಲ. ಆ ದಡ್ಡತನದ ರುಚಿ ಹತ್ತಿದ್ದರಿಂದಲೇ ನಾನು ಹತ್ತು ತಿಂಗಳಲ್ಲಿ ಬೆರಳೆಣಿಕೆಯಷ್ಟು ಶನಿವಾರ ಮಾತ್ರ ಮನೆಯಲ್ಲಿ ಕೂತದ್ದು.

ಹುಡುಗರು ಫ್ರಿಜ್ಜಿನ ಮೇಲೆ ಒಂದು ಪಟ್ಟಿ ಅಂಟಿಸಿದ್ದರು. ಸೆರೆಂಗೆಟಿ, ಜಾಂಜಿಬಾರ್, ಕಿಲಿಮಂಜಾರೋ ಶಿಖರ. ಶಿಖರ 5,895 ಮೀಟರ್. ನನ್ನ ಮಂಡಿಗಳು ನಮ್ಮ ಮನೆಯ ಮಹಡಿ ಮೆಟ್ಟಿಲಿಗೇ ತಕರಾರು ತೆಗೆಯುವಂಥವು. ನನ್ನ ಪಟ್ಟಿಗೆ ಎರಡೇ ನಿಯಮ: ಬೆಳಿಗ್ಗೆ ಹೋಗಿ ಕತ್ತಲಾಗುವುದರೊಳಗೆ ಬರಬೇಕು, ಡಾಲಾಡಾಲಾ ಹೋಗುವ ಊರಾಗಿರಬೇಕು. ನಾನಿದ್ದಾಗ ಪಟ್ಟಣದ ಸುತ್ತಮುತ್ತ ಎಲ್ಲಿಗೇ ಹೋದರೂ 400 ಶಿಲ್ಲಿಂಗ್, ನಮ್ಮ ಹನ್ನೆರಡು ರೂಪಾಯಿ ಆಸುಪಾಸು. ಹೆಗಲ ಚೀಲದಲ್ಲಿ ಟವೆಲ್, ನೀರು, ಚಿಲ್ಲರೆ, ಬಸ್‌ಸ್ಟ್ಯಾಂಡಿನಲ್ಲಿ ಕಾಗದದ ಪೊಟ್ಟಣ ಕಟ್ಟಿ ಮಾರುವ ಕಡಲೆಕಾಯಿ ಬೀಜ. ಅದಕ್ಕೆ ಅಲ್ಲಿ ಕರಂಗಾ ಎನ್ನುತ್ತಾರೆ. ಇಷ್ಟೇ ಸಲಕರಣೆ.

ಗಡಿಯಾರದ ವಿಷಯದಲ್ಲಿ ಮಾತ್ರ ಮೊದಲೇ ಎಡವಿದೆ. ಎರಡನೆಯ ವಾರ ಒಬ್ಬ ಟ್ಯಾಕ್ಸಿಯವನು ‘ಶನಿವಾರ ಸಾ ಂಬಿಲಿ’ಗೆ ಬರುತ್ತೇನೆ ಎಂದ. ಸಾ ಎಂದರೆ ಗಂಟೆ, ಂಬಿಲಿ ಎಂದರೆ ಎರಡು ಎನ್ನುವಷ್ಟು ಸ್ವಾಹಿಲಿ ನನಗೆ ಬಂದಿತ್ತು. ಊಟ ಮುಗಿಸಿ ಎರಡು ಗಂಟೆಗೆ ಗೇಟಿನ ಹತ್ತಿರ ಕೊಡೆ ಹಿಡಿದು ನಿಂತೆ. ಅವನು ಬೆಳಿಗ್ಗೆ ಎಂಟಕ್ಕೇ ಬಂದು, ಅರ್ಧ ಗಂಟೆ ಕಾದು, ಹೋಗಿದ್ದಾನೆ! ಸ್ವಾಹಿಲಿ ಜನರ ದಿನ ಶುರುವಾಗುವುದು ಬೆಳಗಿನ ಆರಕ್ಕೆ. ನಮ್ಮ ಏಳು ಅವರ ಒಂದು, ನಮ್ಮ ಎಂಟು ಅವರ ಎರಡು. ಮನೆಯ ಹುಡುಗರು ಇದೆಂಥ ವಿಚಿತ್ರ ಎಂದು ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಪಂಚಾಂಗ ಘಳಿಗೆ ಎಣಿಸುವುದೂ ಸೂರ್ಯೋದಯದಿಂದಲೇ ಅಲ್ಲವೆ? ಭೂಮಧ್ಯರೇಖೆಗೆ ಮೂರು ಡಿಗ್ರಿಯಷ್ಟೇ ಕೆಳಗಿರುವ ಮೋಶಿಯಲ್ಲಿ ವರ್ಷವಿಡೀ ಸೂರ್ಯ ಹೆಚ್ಚೂಕಡಿಮೆ ಒಂದೇ ಹೊತ್ತಿಗೆ ಹುಟ್ಟುತ್ತಾನೆ, ಹನ್ನೆರಡು ಗಂಟೆ ಕೆಲಸ ಮಾಡಿ ಮುಳುಗುತ್ತಾನೆ. ಅಂಥ ಕಡೆ ನಡುರಾತ್ರಿಯಿಂದ ಎಣಿಸುವುದೇ ಅಸಂಬದ್ಧ. ಲೆಕ್ಕದ ಮೇಷ್ಟ್ರಾಗಿ ನನ್ನ ಮತ ಟ್ಯಾಕ್ಸಿಯವನಿಗೆ. ಅವನ ಪೆಟ್ರೋಲಿನ ದುಡ್ಡು ಕೊಟ್ಟು ಕ್ಷಮೆ ಕೇಳಿದೆ.

ಭಾಷೆಯದು ಇನ್ನೊಂದು ತಮಾಷೆ. ಅಲ್ಲಿ ಮಾಮಾ ಎಂದರೆ ತಾಯಿ, ದಾದಾ ಎಂದರೆ ಅಕ್ಕ. ಸಂತೆಯಲ್ಲಿ ಟೊಮೆಟೊ ಮಾರುವ ಹೆಂಗಸು ‘ದಾದಾ, ಕರಿಬು’, ಅಕ್ಕಾ ಬನ್ನಿ, ಎಂದು ಕರೆದಾಗ ಒಂದು ಕ್ಷಣ ವಿಷ್ಣುವರ್ಧನ್ ನನ್ನ ಬೆನ್ನ ಹಿಂದೆ ನಿಂತಿದ್ದಾರೇನೋ ಅನ್ನಿಸಿತ್ತು. ಗಾರಿ ಎಂದರೆ ಗಾಡಿ, ಚಾಯ್ ಎಂದರೆ ಚಾ, ಲಾಕಿ ಎಂದರೆ ಲಕ್ಷ, ಆಟೋರಿಕ್ಷಾ ಎಂದರೆ ಬಜಾಜಿ. ಹಿಂದೂ ಮಹಾಸಾಗರದ ವ್ಯಾಪಾರಿಗಳು ಸರಕಿನ ಜೊತೆ ಮಾತನ್ನೂ ಇಳಿಸಿ ಹೋಗಿದ್ದರಿಂದ ನನಗೆ ಕಾಲುಭಾಗ ಶಬ್ದಕೋಶ ಪುಕ್ಕಟೆ ಸಿಕ್ಕಿತು. ತಲೆ ನರೆತಿದ್ದರಿಂದ ಇನ್ನೊಂದು ಲಾಭ. ಚಿಕ್ಕವರು ಹಿರಿಯರಿಗೆ ‘ಶಿಕಾಮೂ’ ಎನ್ನಬೇಕು. ನಿಮ್ಮ ಕಾಲು ಹಿಡಿದೆ ಎಂಬುದು ಅದರ ಮೂಲಾರ್ಥವೆಂದು ಹೇಳುತ್ತಾರೆ. ಹಿರಿಯರು ‘ಮರಹಬಾ’ ಎಂದು ಒಪ್ಪಿಸಿಕೊಳ್ಳಬೇಕು. ಡಾಲಾಡಾಲಾದ ಕಂಡಕ್ಟರ್ ಹುಡುಗ ಬಾಗಿಲಲ್ಲಿ ನೇತಾಡುತ್ತಾ, ಕೈಯ ನಾಣ್ಯದಿಂದ ತಗಡು ಬಡಿಯುತ್ತಾ, ನನ್ನನ್ನು ಮೂರನೆಯವಳಾಗಿ ಇಬ್ಬರ ಸೀಟಿಗೆ ತುರುಕುತ್ತಲೇ ಶಿಕಾಮೂ ಹೇಳುತ್ತಿದ್ದ. ಅಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ನೂಕಿರಲಿಲ್ಲ.

ಚೆಮ್ಕಾ ಬುಗ್ಗೆಗೆ ಮೂರು ಸಲ ಹೋದೆ. ಅರುಷಾ ರಸ್ತೆಯಲ್ಲಿ ಬೋಮಾ ಂಗೋಂಬೆ ಎಂಬ ಊರಿನವರೆಗೆ ವ್ಯಾನು. ಆ ಹೆಸರಿಗೆ ದನದ ದೊಡ್ಡಿ ಎಂದರ್ಥ. ರಾಮನಗರದ ಕಡೆ ಇದ್ದಿದ್ದರೆ ಸುತ್ತಲಿನ ದೊಡ್ಡಿಗಳ ನಡುವೆ ಅದೂ ಒಂದಾಗಿ ಸೇರಿಹೋಗುತ್ತಿತ್ತು. ಅಲ್ಲಿಂದ ಮುಂದೆ ಮಣ್ಣುರಸ್ತೆ, ಬೋಡಾಬೋಡಾ ಬೈಕಿನ ಹಿಂದೆ. ಒಣಗಿದ ಬಯಲು, ಮುಳ್ಳುಗಿಡ, ಮೂಗಿನೊಳಗೆಲ್ಲ ಧೂಳು. ಇಲ್ಲಿ ನೀರೆಲ್ಲಿಂದ ಬರಬೇಕು ಎಂದು ನೀವು ಆಸೆ ಬಿಡುವ ಹೊತ್ತಿಗೆ ಸರಿಯಾಗಿ ಹಸಿರು ಮರಗಳ ಒಂದು ಗುಂಪು. ಅತ್ತಿಯ ಜಾತಿಯ ದೊಡ್ಡ ಮರಗಳು, ಬೇರುಗಳು ನೀರಿಗೇ ಇಳಿದಿವೆ, ನಡುವೆ ನೀಲಿಯೂ ಅಲ್ಲದ ಹಸಿರೂ ಅಲ್ಲದ ಕೊಳ, ತಳದ ಕಲ್ಲು ಎಣಿಸಬಹುದು. ಚೆಮ್ಕಾ ಎಂದರೆ ಕುದಿ. ಎಲ್ಲರೂ ಬಿಸಿನೀರಿನ ಬುಗ್ಗೆ ಅಂತಲೇ ಕರೆಯುತ್ತಾರೆ. ಬಿಸಿ ಎಂಬುದು ಶುದ್ಧ ಸುಳ್ಳು: ಮಗುವಿಗೆ ಸ್ನಾನ ಮಾಡಿಸಲು ಹದ ಮಾಡಿಟ್ಟ ಹಾಗೆ ಉಗುರುಬೆಚ್ಚಗಿಂತಲೂ ಸ್ವಲ್ಪ ಕಡಿಮೆ. ಹುಡುಗರು ಕೊಂಬೆಗೆ ಕಟ್ಟಿದ ಹಗ್ಗ ಹಿಡಿದು ಜೋಲಿ ಹೊಡೆದು ಬೀಳುತ್ತಿದ್ದರು. ನಾನು ಚೂಡಿದಾರದಲ್ಲೇ ಇಳಿದು ಒಂದು ಬೇರಿನ ಮೇಲೆ ಕೂತೆ. ಸಣ್ಣ ಮೀನುಗಳು ಬಂದು ಹಿಮ್ಮಡಿ ಕಚ್ಚತೊಡಗಿದವು. ನನ್ನ ಹಿಮ್ಮಡಿಯ ಬಿರುಕುಗಳಲ್ಲಿ ಅವಕ್ಕೆ ವಾರಕ್ಕಾಗುವಷ್ಟು ಊಟವಿತ್ತು. ಗಂಟೆಗಟ್ಟಲೆ ಕೂತೆ. ಏನು ಯೋಚಿಸಿದೆ ಎಂದು ಕೇಳಿದರೆ, ಏನೂ ಇಲ್ಲ.

ಂಗೊರೊಂಗೊರೊಗೂ ಒಂದು ಶನಿವಾರ-ಭಾನುವಾರ ಹೋದದ್ದುಂಟು, ಹುಡುಗರ ಬಲವಂತಕ್ಕೆ. ಆರುನೂರು ಮೀಟರ್ ಆಳದ ಜ್ವಾಲಾಮುಖಿಯ ಬಾಯಿ, ಅದರೊಳಗೆ ಸಿಂಹ, ಆನೆ, ಕಾಡೆಮ್ಮೆ. ಸಿಂಹ ಮಲಗಿತ್ತು. ಅದರ ಸುತ್ತ ಹದಿನಾಲ್ಕು ಜೀಪು. ಪ್ರವೇಶಕ್ಕೆ ತೆತ್ತ ಡಾಲರುಗಳನ್ನು ನೆನೆದು ಎಲ್ಲರೂ ಕಡ್ಡಾಯವಾಗಿ ಬೆರಗಾದರು. ಚೆನ್ನಾಗಿಯೇ ಇತ್ತು. ಆದರೆ ಗಾಜಿನ ಆಚೆ ಇರುವುದರ ಬಗ್ಗೆ ನಾನು ಹೆಚ್ಚು ಬರೆಯಲಾರೆ.

ಬರೆಯಬೇಕಾದ್ದು ಮಟೆರೂನಿಯ ಬಗ್ಗೆ. ಮೋಶಿಯಿಂದ ಮೇಲಕ್ಕೆ, ಬೆಟ್ಟದ ಇಳಿಜಾರಿನಲ್ಲಿರುವ ಚಗ್ಗಾ ಜನರ ಹಳ್ಳಿ. ಪ್ರವಾಸಿಗರು ಹೋಗುವುದು ಅಲ್ಲಿನ ಜಲಪಾತಕ್ಕೆ. ಜಲಪಾತ ಎತ್ತರವಿದೆ, ನೀರು ಕೊರೆಯುತ್ತದೆ, ಮುಗಿಯಿತು. ಜೀವವಿರುವುದು ದಾರಿಯ ಎರಡೂ ಬದಿಯ ತೋಟಗಳಲ್ಲಿ. ಮೇಲೆ ನೆರಳಿನ ಮರ, ಅದರಡಿ ಬಾಳೆ, ಬಾಳೆಯಡಿ ಕಾಫಿ, ಕಾಫಿಯಡಿ ಗೆಡ್ಡೆ, ಮನೆಗೊಂದು ತೋಟ. ಕಿಹಾಂಬಾ ಎನ್ನುತ್ತಾರೆ. ಬೆಟ್ಟದ ತೊರೆಗಳಿಂದ ತಲೆಮಾರುಗಳ ಹಿಂದೆ ತೋಡಿದ ಕಾಲುವೆಗಳು ಇಳಿಜಾರಿನ ಅಂಚು ಹಿಡಿದು ಅಳತೆ ತಪ್ಪದೆ ಹರಿಯುತ್ತವೆ. ಹಸುಗಳು ಹೊರಗೆ ಕಾಣುವುದೇ ಇಲ್ಲ. ಕೊಟ್ಟಿಗೆಯಲ್ಲಿ ಕಟ್ಟಿ, ಬಾಳೆದಿಂಡು ಕೊಚ್ಚಿ ಹಾಕುತ್ತಾರೆ. ಗೊಬ್ಬರ ಮತ್ತೆ ಬಾಳೆಬುಡಕ್ಕೆ.

ಅಲ್ಲಿನ ಒಂದು ಮನೆಯ ಅಂಗಳದಲ್ಲಿ ಕಾಫಿ ಮಾಡಿಕೊಡುವುದು ಪ್ರವಾಸಿಗರಿಗಾಗಿ ನಡೆಯುವ ಆಟ, ಗೊತ್ತಿದ್ದೇ ಹೋದೆ. ಒಣಗಿದ ಬೀಜವನ್ನು ಮರದ ಒರಳಿಗೆ ಹಾಕಿ ಒನಕೆಯಿಂದ ಕುಟ್ಟುತ್ತಾರೆ, ಸುತ್ತ ನಿಂತವರು ಹಾಡುತ್ತಾ ಚಪ್ಪಾಳೆ ತಟ್ಟುತ್ತಾರೆ. ಜೊತೆಗಿದ್ದ ಹುಡುಗರು ಒಬ್ಬೊಬ್ಬರಾಗಿ ಒನಕೆ ಹಿಡಿದು, ಎರಡೂ ಕೈಯಲ್ಲಿ ಬಿಗಿದು, ಹತ್ತು ಏಟಿಗೆ ಸುಸ್ತಾದರು. ಆಮೇಲೆ ಮೊರ ಬಂತು. ಹೆಣೆದ ದುಂಡನೆಯ ಮೊರ, ಉಂಗೋ ಎಂದು ಹೆಸರು. ಒಬ್ಬಳು ಹುಡುಗಿ ಅದನ್ನು ಹಿಡಿದು ಜೋರಾಗಿ ಅಲ್ಲಾಡಿಸಿದಳು. ಹೊಟ್ಟು ಅಲ್ಲೇ ಉಳಿಯಿತು, ಬೀಜ ಅಂಗಳಕ್ಕೆಲ್ಲ ಹಾರಿತು. ಮನೆಯ ಅಜ್ಜಿ ಆರಿಸಿಕೊಳ್ಳಲು ಬಗ್ಗಿದರು. ನನಗೆ ತಡೆಯಲಾಗಲಿಲ್ಲ. ಕೈ ಮುಂದೆ ಮಾಡಿ ಇಸಿದುಕೊಂಡೆ. ಮೊರ ಕೇರಿ ಎಷ್ಟು ವರ್ಷವಾಗಿತ್ತೋ! ಆದರೆ ಮಣಿಕಟ್ಟು ಮರೆತಿರಲಿಲ್ಲ. ಮೊರವನ್ನು ನನ್ನ ಕಡೆ ಒಂದು ಚೂರು ವಾಲಿಸಿ, ಬೆರಳಿನಿಂದ ಅಂಚಿಗೆ ಪಟಪಟ ತಟ್ಟಿ, ಎಸೆದು ಹಿಡಿದಾಗ ಹೊಟ್ಟು ಎದುರಿಗೆ ಹಾರಿ, ಬೀಜ ಹಿಂದಕ್ಕೆ ಸರಿದು ಸಾಲಾಗಿ ಕೂತವು. ಚಪ್ಪಾಳೆ ನಿಂತುಹೋಯಿತು. ಅಜ್ಜಿ ಹತ್ತಿರ ಬಂದು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಆಮೇಲೆ ಇನ್ನೊಂದು ಮೊರ ತಂದು ಪಕ್ಕದಲ್ಲಿ ಕೂತು ತಾವೂ ಕೇರಲು ಶುರುಮಾಡಿದರು. ಅವರದು ಒಂದು ತಟ್ಟು ಕಡಿಮೆ, ಒಂದು ತಿರುವು ಜಾಸ್ತಿ. ಆ ತಿರುವಿಗೆ ಕಲ್ಲು ಬೇರೆಯಾಗಿ ಮೂಲೆಗೆ ಬರುತ್ತಿತ್ತು. ನಾಲ್ಕು ಸಲ ಮಾಡಿ ತೋರಿಸಿದರು. ನನಗೆ ಬರಲಿಲ್ಲ. ಇಂದಿಗೂ ಬಂದಿಲ್ಲ.

ಬೀಜವನ್ನು ಮಡಕೆಯಲ್ಲಿ ಹುರಿದು, ಮತ್ತೆ ಕುಟ್ಟಿ, ಕುದಿಸಿ, ಸೋಸಿ ಲೋಟಕ್ಕೆ ಬಗ್ಗಿಸಿದರು. ಹಾಲಿಲ್ಲ. ಹಾಲು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿದ್ದನ್ನು ನುಂಗಿಕೊಂಡೆ. ಕಾಫಿಯ ನಂಟು ನಮ್ಮದೂ ಅವರದೂ ಒಂದೇ ಬಳ್ಳಿಯದು: ಕೆಂಟ್ ಎನ್ನುವ ತಳಿಯನ್ನು ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಮೈಸೂರು ಸೀಮೆಯ ತೋಟವೊಂದರಲ್ಲಿ, ತುಕ್ಕುರೋಗವನ್ನು ತಡೆದುಕೊಂಡ ಗಿಡವೆಂದು ಆರಿಸಿದರು, ಮುಂದೆ ಅದು ಸಮುದ್ರ ದಾಟಿ, ಆಗ ಟಾಂಗನ್ಯಿಕಾ ಎನ್ನುತ್ತಿದ್ದ ಅವರ ನಾಡಿಗೂ ಬಂತು. ಅದಕ್ಕೆ ಪ್ರತಿಯಾಗಿಯೋ ಎಂಬಂತೆ ಸಾವಿರಾರು ವರ್ಷ ಮೊದಲೇ ಅವರ ಖಂಡದಿಂದ ನಮಗೆ ರಾಗಿ ಬಂದಿದೆ. ಈ ಲೆಕ್ಕದಲ್ಲಿ ಸಾಲ ನಮ್ಮ ಮೇಲೇ ಉಳಿಯುತ್ತದೆ. ಚಗ್ಗಾ ಜನ ರಾಗಿಗೆ ಮೊಳಕೆ ಬರಿಸಿ, ಬಾಳೆಹಣ್ಣಿನ ಜೊತೆ ಹುಳಿ ಹಾಕಿ, ಂಬೆಗೆ ಎಂಬ ಮದ್ಯ ಮಾಡುತ್ತಾರೆ. ಸೋರೆಬುರುಡೆಯಲ್ಲಿ ಅಜ್ಜಿ ಅದನ್ನೂ ತಂದುಕೊಟ್ಟರು. ಒಂದು ಗುಟುಕು ಕುಡಿದೆನೋ ಇಲ್ಲವೋ ಇಲ್ಲಿ ಹೇಳುವುದಿಲ್ಲ, ತಿಪಟೂರಿನವರೂ ಇದನ್ನು ಓದುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಹುಡುಗರೊಂದಿಗೆ ಜಗಳವಾಡಿದ್ದೇನೆ. ಭಾನುವಾರ ಅನಾಥಾಶ್ರಮಕ್ಕೆ ಹೋಗಿ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಫೋಟೋ ತೆಗೆಸಿಕೊಂಡು ಬರುವ ಕಾರ್ಯಕ್ರಮ ಹಾಕಿದ್ದರು. ಜಲಪಾತಕ್ಕೆ ಹೋಗಿ, ಸಂತೆಗೆ ಹೋಗಿ, ಮಕ್ಕಳೇನು ನೋಡುವ ಜಾಗವೇ ಎಂದೆ. ಎರಡು ದಿನ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಒಬ್ಬ ಬಂದು, ಮುಂದಿನ ಶನಿವಾರ ಎಲ್ಲಿಗೆ ಎಂದು ಕೇಳಿದ. ಮೆಮೋರಿಯಲ್ ಸಂತೆಗೆ ಎಂದೆ. ಯುರೋಪು, ಅಮೆರಿಕದಲ್ಲಿ ಬಿಸಾಕಿದ ಹಳೆ ಬಟ್ಟೆಗಳೆಲ್ಲ ಮೂಟೆ ಮೂಟೆಯಾಗಿ ಬಂದು ಬೀಳುವ ಸಂತೆ ಅದು. ಮಿಟುಂಬಾ ಎಂದು ಆ ಸರಕಿನ ಹೆಸರು. ಪಾಪದ ಹುಡುಗ ತನ್ನ ಊರಿನ ಫುಟ್‌ಬಾಲ್ ಕ್ಲಬ್ಬಿನ ಅಂಗಿಯನ್ನೇ ಚೌಕಾಸಿ ಮಾಡಿ ಕೊಂಡು ತಂದ. ಸಂತೆಯ ಮೂಲೆಯಲ್ಲಿ ಗುಳಿಯಿರುವ ಕಾವಲಿಯ ಮೇಲೆ ಅಕ್ಕಿ, ತೆಂಗಿನಕಾಯಿ, ಏಲಕ್ಕಿಯ ಸಿಹಿ ಪಡ್ಡು ಸುಡುತ್ತಿದ್ದರು. ಅವರು ವಿಟುಂಬುವಾ ಎನ್ನುತ್ತಾರೆ, ನಾನು ಗುಳಿಯಪ್ಪ ಎಂದೆ. ಇಬ್ಬರೂ ಆರಾರು ತಿಂದೆವು.

ಭಾನುವಾರ ಸಂಜೆ ಹಿತ್ತಿಲಿನಲ್ಲಿ ಬಟ್ಟೆ ಒಗೆಯುವುದು. ಆ ಸೀಮೆಯ ಕೆಂಪು ಧೂಳು ಹೊಲಿಗೆಯ ಸಂದಿಗೂ ಹೊಕ್ಕಿರುತ್ತದೆ. ಮೊದಲ ಬಕೆಟ್ಟು ನೀರು ಕಾವಿ, ಎರಡನೆಯದು ಕಿತ್ತಳೆ. ಬೆಟ್ಟ ದಿನವಿಡೀ ಮೋಡದೊಳಗಿದ್ದು ಹೊರಗೆ ಬರುವುದೂ ಹೆಚ್ಚಾಗಿ ಅದೇ ಹೊತ್ತಿಗೆ. ‘ಬಿಬಿ, ಬೇಗ ಬನ್ನಿ, ಹಿಮ ಕಾಣ್ತಾ ಇದೆ’ ಎಂದು ಹುಡುಗರು ಮಹಡಿಯಿಂದ ಕೂಗುತ್ತಿದ್ದರು. ಬಿಬಿ ಎಂದರೆ ಅಜ್ಜಿ. ಮೊಣಕೈವರೆಗೆ ಸೋಪಿನ ನೊರೆ. ಜಾಲಾಡಿಸಿ ಬಂದೆ ಇರ್ರೋ ಎಂದು ಕನ್ನಡದಲ್ಲೇ ಉತ್ತರ ಕೊಟ್ಟೆ. ಮೂರನೆಯ ನೀರು ಚೆಲ್ಲಿ, ಹಿಂಡಿ, ಕೊಡವಿ, ತಂತಿಗೆ ಹಾಕಿ ತಲೆಯೆತ್ತುವಷ್ಟರಲ್ಲಿ ಬೆಟ್ಟ ಮತ್ತೆ ಒಳಗೆ ಹೋಗಿತ್ತು. ಚೂಡಿದಾರದ ಅಂಚಿನಲ್ಲಿ ಕೆಂಪು ಇನ್ನೂ ಉಳಿದಿತ್ತು.