ಕರ್ಪೂರ ಕರಗುವ ಶೀಸೆ, ಕೋಲಾರಕ್ಕೆ ಹರಿಯುವ ನೀರು

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಿನ ಗಲ್ಲಿಗಳಲ್ಲಿ ಹಣ್ಣು, ಹೂವು, ಕೋಳಿ, ಅತ್ತರು ಎಲ್ಲವೂ ಒಟ್ಟಿಗೇ ಮೂಗಿಗೆ ಬಡಿಯುತ್ತವೆ. ಗ್ರಂಧಿಗೆ ಅಂಗಡಿಯ ಮುಂದೆ ಮಾತ್ರ ಕರ್ಪೂರದ್ದೇ ಮೇಲುಗೈ. ಕರ್ಪೂರ, ಪುದೀನಾ ಹೂವು, ಓಮದ ಹೂವು ಎಂಬ ಮೂರು ಬಗೆಯ ಹರಳುಗಳನ್ನು ಒಂದು ಶೀಸೆಗೆ ಹಾಕಿ ಕುಲುಕಿಟ್ಟರೆ, ಒಲೆಯೂ ಇಲ್ಲದೆ ನೀರೂ ಇಲ್ಲದೆ ಅವು ಕರಗಿ ಎಣ್ಣೆಯಂತಾಗುತ್ತವೆ. ಹಿಂದಿನವರ ಮನೆಗಳಲ್ಲಿದ್ದ ಅಮೃತಧಾರೆ ಇದೇ. ಮನೆಯಲ್ಲಿ ಮಾಡಿ ನೋಡುವವರು ಶೀಸೆಯನ್ನು ಚಿಕ್ಕ ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಕರ್ಪೂರ ಹೊಟ್ಟೆಗೆ ಹೋದರೆ ಅಪಾಯ.

ಬಿಡಿಯಾಗಿ ಕರಗಲು ಕರ್ಪೂರಕ್ಕೆ ಸುಮಾರು 175 ಡಿಗ್ರಿ ಸೆಲ್ಸಿಯಸ್ ಬೇಕು, ಪುದೀನಾ ಹೂವಾದ ಮೆಂಥಾಲ್‌ಗೆ 42, ಓಮದ ಹೂವಾದ ಥೈಮಾಲ್‌ಗೆ 50. ಬೆರೆತಾಗ ಒಂದರ ಅಣುಗಳು ಇನ್ನೊಂದರ ಸಾಲನ್ನು ಕೆಡಿಸುತ್ತವೆ. ಸಾಲು ಕೆಟ್ಟ ಮೇಲೆ ಹರಳು ಉಳಿಯುವುದೆಲ್ಲಿ? 2003ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಆಂಡ್ರ್ಯೂ ಅಬಟ್ ಮತ್ತು ಸಂಗಡಿಗರು ಇದೇ ಜಾಡಿನಲ್ಲಿ ಕೋಲೀನ್ ಕ್ಲೋರೈಡಿನ ಒಂದು ಅಣುವಿಗೆ ಎರಡರಂತೆ ಯೂರಿಯಾ ಬೆರೆಸಿದರು. ಮೊದಲನೆಯದು ಕರಗುವುದು 302 ಡಿಗ್ರಿಗೆ, ಎರಡನೆಯದು 133ಕ್ಕೆ. ಮಿಶ್ರಣವೋ 12 ಡಿಗ್ರಿಗೇ ದ್ರವ! ಕೋಲೀನ್ ಮೊಟ್ಟೆಯ ಹಳದಿಯಲ್ಲಿದೆ, ಸೋಯಾದಲ್ಲಿದೆ. ಅದರ ಕ್ಲೋರೈಡನ್ನು ಕೋಳಿಯ ಮೇವಿಗೆ ಬೆರೆಸುತ್ತಾರೆ. ಯೂರಿಯಾ ಅಂತೂ ರೈತರಿಗೆಲ್ಲ ಗೊತ್ತು.

ಇಂಥ ದ್ರವಗಳು ಅಯಾನಿಕ ದ್ರವಗಳ ಸೋದರ ಸಂಬಂಧಿಗಳು. (ಅಯಾನುಗಳೇ ಇಲ್ಲದ ಅಮೃತಧಾರೆ ದೂರದ ನೆಂಟ.) ಅಯಾನಿಕ ದ್ರವವೆಂದರೆ ನೀರಿನ ಹಂಗಿಲ್ಲದೆ ತಾನೇ ದ್ರವವಾಗಿರುವ ಲವಣ. ಅಡುಗೆ ಉಪ್ಪು ಕರಗಲು 801 ಡಿಗ್ರಿ ಬೇಕು. ಆದರೆ 1914ರಲ್ಲಿ ಪಾಲ್ ವಾಲ್ಡೆನ್ ವಿವರಿಸಿದ ಈಥೈಲ್ ಅಮೋನಿಯಂ ನೈಟ್ರೇಟ್‌ಗೆ 12 ಡಿಗ್ರಿಯೇ ಸಾಕು. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಎಸ್. ಬಾಲಸುಬ್ರಮಣಿಯನ್ ಅವರ ತಂಡ ಈ ದ್ರವಗಳ ಒಳಗೆ ಅಯಾನುಗಳು ಹೇಗೆ ಕೂಡುತ್ತವೆ ಎಂಬುದನ್ನು ಕಂಪ್ಯೂಟರಿನಲ್ಲಿ ಬಿಡಿಸಿ ನೋಡಿದೆ.

ಇದೆಲ್ಲ ಏಕೆ ಬೇಕು? ಇಂದಿರಾನಗರದ ಯಾವುದೇ ಬ್ಯೂಟಿ ಪಾರ್ಲರಿನಲ್ಲಿ ಉಗುರುಬಣ್ಣ ಅಳಿಸುವ ಅಸಿಟೋನ್ ಮುಚ್ಚಳ ತೆರೆದರೆ ಉತ್ತರ ಮೂಗಿಗೇ ಸಿಗುತ್ತದೆ. ಮಾಮೂಲಿ ದ್ರಾವಕಗಳು ಗಾಳಿಗೆ ಹಾರುತ್ತವೆ. ಅಯಾನಿಕ ದ್ರವ ಹಾರುವುದಿಲ್ಲವೆಂದೇ ಹೇಳಬಹುದು. ಅದಕ್ಕೇ ಅದು ‘ಹಸಿರು’ ಎಂಬ ಬಿರುದು ಪಡೆಯಿತು. ಬಿರುದು ತುಸು ಅವಸರದ್ದು. ಗಾಳಿಗೆ ಹಾರದ್ದು ತೊಳೆದಾಗ ನೀರಿಗೇ ಇಳಿಯಬೇಕಲ್ಲ! ಬಹುವಾಗಿ ಬಳಕೆಯಾದ ಇಮಿಡಜೋಲಿಯಂ ಬಗೆಯ ದ್ರವಗಳಲ್ಲಿ ಉದ್ದನೆಯ ಇಂಗಾಲದ ಬಾಲವಿರುವಂಥವು ಜಲಚರಗಳಿಗೆ ವಿಷ.

ಬೆಂಗಳೂರಿನ ಈ ದಿಕ್ಕಿನಲ್ಲಿ ನೀರಿನ ಮಾತು ಹಗುರವಲ್ಲ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲಿದ್ದವು. ಕೆರೆಯ ಕೋಡಿ ನೀರು ರಾಜಕಾಲುವೆ ಹಿಡಿದು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ ಹೋಗುತ್ತದೆ. ಈ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧಮಾಡಿ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಪಂಪು ಮಾಡಲಾಗುತ್ತಿದೆ. ಆ ಹಂತದಲ್ಲಿ ದುಡಿಯುವವು ಬ್ಯಾಕ್ಟೀರಿಯಾಗಳು. ಅವು ತಿಂದು ಜೀರ್ಣಿಸಿಕೊಳ್ಳಲಾರದ ದ್ರಾವಕ ನೀರಿನೊಡನೆ ಮುಂದಕ್ಕೇ ಹೊರಡಬಹುದು.

ಜಪಾನಿನ ಹಿರೊಯುಕಿ ಓನೊ ಅವರ ತಂಡ 2005ರಲ್ಲಿ 20 ನೈಸರ್ಗಿಕ ಅಮೈನೊ ಆಮ್ಲಗಳಿಂದ ಅಯಾನಿಕ ದ್ರವ ಮಾಡಿತು. ಜೊತೆಗಾರ ಮಾತ್ರ ಇಮಿಡಜೋಲಿಯಮ್ಮೇ. ಮುಂದೆ ಬಂದವರು ಆ ಜಾಗಕ್ಕೆ ಕೋಲೀನ್ ತಂದರು. ಕೋಲೀನ್ ಹೈಡ್ರಾಕ್ಸೈಡ್‌ಗೆ ಅಮೈನೊ ಆಮ್ಲ ಸೇರಿಸಿದರೆ ಬೇಕಾದ ದ್ರವ ಸಿಗುತ್ತದೆ, ಜೊತೆಗೆ ಹುಟ್ಟುವುದು ನೀರು ಮಾತ್ರ. ಇಂಥವನ್ನು ಸೂಕ್ಷ್ಮಜೀವಿಗಳು ಸುಲಭವಾಗಿ ತಿನ್ನುತ್ತವೆ. ಭತ್ತದ ಹುಲ್ಲಿನಿಂದ ಲಿಗ್ನಿನ್ ಬಿಡಿಸಲೂ ಇವು ಒದಗುತ್ತವೆ.

ಒಂದು ತಕರಾರು ಉಳಿದೇ ಇದೆ. ಅಮೈನೊ ಆಮ್ಲಗಳೇನೋ ಸಕ್ಕರೆಯ ಹುದುಗಿನಿಂದ ಸಿಗುತ್ತವೆ. ಮಾರುಕಟ್ಟೆಯ ಕೋಲೀನ್ ಕ್ಲೋರೈಡ್ ಮೊಟ್ಟೆಯಿಂದಲೋ ಸೋಯಾದಿಂದಲೋ ಬಂದದ್ದಲ್ಲ. ಕಾರ್ಖಾನೆಯಲ್ಲಿ ಅದನ್ನು ಮಾಡಲು ಬೇಕಾದ ಎಥಿಲೀನ್ ಆಕ್ಸೈಡ್ ಹೆಚ್ಚಾಗಿ ಪೆಟ್ರೋಲಿಯಂ ಮೂಲದ್ದು. ‘ನೈಸರ್ಗಿಕ’ ಎಂಬ ಚೀಟಿ ಓದುವಾಗ ವಿದ್ಯಾರ್ಥಿಗಳು ಇಷ್ಟು ಕೆದಕಿ ನೋಡಿದರೆ ತಪ್ಪಿಲ್ಲ.

ಹಲಸೂರಿನಲ್ಲಿ ಮೆಟ್ರೊ ಹತ್ತಿದವರು 2023ರಿಂದ ನೇರ ಕೆ.ಆರ್. ಪುರದಲ್ಲಿ ಇಳಿಯಬಹುದು. ತೂಗುಸೇತುವೆ ದಾಟಿದ ಹಳೇ ಮದ್ರಾಸು ರಸ್ತೆ ಹೊಸಕೋಟೆ ಹಾದು ಕೋಲಾರಕ್ಕೆ ಹೋಗುತ್ತದೆ. ನಗರ ತೊಳೆದು ಬಿಟ್ಟ ನೀರು ಅಲ್ಲಿನ ಕೆರೆಗಳಲ್ಲಿ ನಿಂತು ನೆಲಕ್ಕೆ ಇಂಗುತ್ತದೆ. ಆ ನೆಲದ ಕೊಳವೆಬಾವಿಗಳಿಂದ ಬೆಳೆದ ಟೊಮೆಟೊ ಲಾರಿ ಹತ್ತಿ ಎದುರುಗಡೆಯಿಂದ ಬರುತ್ತದೆ.