ಕಬ್ಬಿಣದ ತವರು

ಚಿನ್ನ ಮಣ್ಣಿನಲ್ಲಿ ಹೆಚ್ಚಾಗಿ ಚಿನ್ನವಾಗಿಯೇ ಸಿಗುತ್ತದೆ. ಕಬ್ಬಿಣ ಹಾಗಲ್ಲ. ಅದು ಆಮ್ಲಜನಕದ ಕೈಹಿಡಿದು ಕೆಂಪು, ಕಪ್ಪು ಅದಿರಾಗಿ ಕೂತಿರುತ್ತದೆ. ಇದ್ದಿಲಿನ ಬೆಂಕಿ ಆ ನಂಟು ಬಿಡಿಸಿದರಷ್ಟೇ ನಮ್ಮ ಮನೆ ತುಂಬುತ್ತದೆ. ತೊಳೆದ ದೋಸೆ ಕಾವಲಿಗೆ ಎಣ್ಣೆ ಸವರದೆ ಇಟ್ಟು ನೋಡಿ, ಬೆಳಗಾಗುವುದರೊಳಗೆ ತುಕ್ಕು. ಹೊರಟಿತು ತವರಿಗೆ!

ಪಾಂಡವಪುರ, ನಾಗಮಂಗಲದ ಶಾಲೆಗಳಲ್ಲಿ ಪಾಠ ಹೇಳಿ ನಾನು ಕೆ.ಆರ್. ಪೇಟೆಗೆ ಬಂದ ವರ್ಷ, ಎಂಟನೇ ತರಗತಿಯಲ್ಲಿ ಕಮ್ಮಾರರ ಹುಡುಗಿಯೊಬ್ಬಳಿದ್ದಳು. ಬೆಳಿಗ್ಗೆ ಅಪ್ಪನ ಕುಲುಮೆಯಲ್ಲಿ ತಿದಿ ಒತ್ತಿ ಬರುವಳು. ಉಗುರಿನ ಸಂದಿಯ ಮಸಿ ಕಾಣದಂತೆ ಕೈಗಳನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡೇ ಕೂರುವಳು. ಶ್ರೀರಂಗಪಟ್ಟಣಕ್ಕೆ ಪ್ರವಾಸ ಹೋದಾಗ, ಟಿಪ್ಪುವಿನ ರಾಕೆಟ್ಟುಗಳಿಗೆ ಕಬ್ಬಿಣದ ಕೊಳವೆ ಇತ್ತೆಂದು ಮಕ್ಕಳಿಗೆ ಹೇಳಿದೆ. ಅವಳು ಮೆಲ್ಲಗೆ ಕೇಳಿದಳು: “ಮಿಸ್, ಬೆಂಕಿ ಇಲ್ಲದೆ ತಾನೇ ಹುಟ್ಟಿದ ಕಬ್ಬಿಣ ಎಲ್ಲೂ ಇಲ್ಲವಾ?”

ತಾನೇ ಹುಟ್ಟಿದ ಕಬ್ಬಿಣವೇನೋ ಇದೆ, ಬಲು ಅಪರೂಪಕ್ಕೆ. ಆಕಾಶದಿಂದ ಬಿದ್ದ ಉಲ್ಕಾಶಿಲೆಗಳಲ್ಲಿದೆ. ಗ್ರೀನ್‌ಲ್ಯಾಂಡಿನ ಡಿಸ್ಕೋ ದ್ವೀಪದಲ್ಲಿದೆ. 1870ರಲ್ಲಿ ನಾರ್ಡೆನ್‌ಶೋಲ್ಡ್ ಎಂಬಾತ ಅಲ್ಲಿ ಕಂಡ ಭಾರಿ ಕಬ್ಬಿಣದ ಬಂಡೆಗಳನ್ನು ಉಲ್ಕೆಯೆಂದೇ ತಿಳಿದ. ಆಮೇಲೆ ಗೊತ್ತಾಯಿತು, ಅದು ಭೂಮಿಯದೇ ಕೂಸು. ಕರಗಿದ ಶಿಲಾರಸ ಇಂಗಾಲ ತುಂಬಿದ ಪದರಗಳನ್ನು ಹಾದು ಬರುವಾಗ, ಇಂಗಾಲವು ಆಮ್ಲಜನಕವನ್ನು ಕಿತ್ತುಕೊಂಡಿತ್ತು. ಅಂದರೆ ಅಲ್ಲೂ ಬೆಂಕಿಯೇ, ಅಲ್ಲೂ ಇದ್ದಿಲೇ. “ಭೂಮಿತಾಯಿಯೂ ನಿಮ್ಮಪ್ಪನ ಹಾಗೆ ಕುಲುಮೆ ಹೂಡಿದ್ದಳು ಕಣೇ” ಎಂದೆ.

ನಮ್ಮ ಸೀಮೆಯವರು ಅಷ್ಟಕ್ಕೇ ನಿಲ್ಲಲಿಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್, ಇಲ್ಲಿ ಉಕ್ಕು ಮಾಡುವುದನ್ನು ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಕಡ್ಡಿ, ಹಸಿರೆಲೆ ಇಟ್ಟು, ಬಾಯಿ ಮೆತ್ತಿ ಕಾಯಿಸುತ್ತಿದ್ದರು. ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. ನಮ್ಮ ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುವ ಅದೇ ತಂಗಡಿ! ಇಂಗ್ಲಿಷಿನವರ ‘ವೂಟ್ಜ್’ ಎಂಬ ಮಾತಿಗೆ ನಮ್ಮ ‘ಉಕ್ಕು’ ಮೂಲವೆಂದು ವಿದ್ವಾಂಸರು ಹೇಳುತ್ತಾರೆ. ಸೀಮೆಯೊಳಗಿನವರು ಮಾತ್ರ ಆ ಮಸಿಯನ್ನು ಕಂಡು ಮೂಗು ಮುರಿಯುತ್ತೇವೆ.

ಮರುವಾರ ಲೋಹಗಳ ಪಾಠ ಬಂದಾಗ ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಅವಳೇ ಎದ್ದು ಹೇಳಿದಳು: ಕಬ್ಬಿಣ ಯಾವಾಗ ಕೆಂಪಾಗುತ್ತದೆ, ಯಾವಾಗ ಹಳದಿ, ಯಾವ ಬಣ್ಣಕ್ಕೆ ಸುತ್ತಿಗೆ ಬೀಳಬೇಕು. ನಮ್ಮ ಪುಸ್ತಕದಲ್ಲಿ ಇದ್ಯಾವುದೂ ಇರಲಿಲ್ಲ. ಮಾತಿನ ಭರದಲ್ಲಿ ಎರಡು ಕೈಯೂ ಎಲ್ಲರೆದುರು ಆಡುತ್ತಿದ್ದವು.